ದೋಣಿ ತಿರುಗಿಸಿದ ಹುಡುಗ

ಶ್ರಾವಣದ ಎರಡನೇ ಭಾನುವಾರ, ಮಧ್ಯಾಹ್ನ ಎರಡೂವರೆ ಗಂಟೆ. ಮಣ್ಣೂರಿನ ನಮ್ಮ ಪಡಸಾಲೆಯಲ್ಲಿದ್ದವರು ಮೂವರು: ನಾನು, ತಂಗಿಯ ಮಗಳು ಸವಿತಾ, ಪಕ್ಕದ ಮನೆಯ ಗಂಗವ್ವ. ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು ನಾನು. ಎರಡು ಸಲ ಪರೀಕ್ಷಿಸದ ಯಾವುದನ್ನೂ ನಂಬಿದವಳಲ್ಲ. ಅದಕ್ಕೇ ಇದನ್ನು ಹೇಳಲು ಇಷ್ಟು ವರ್ಷ ಹಿಂಜರಿದೆ.

ಸವಿತಾ ಲ್ಯಾಪ್‌ಟಾಪಿನಲ್ಲಿ ಯಾರೂ ಹೆಸರು ಕೇಳದ ಒಂದು ಜಪಾನಿ ಸಿನಿಮಾ ತಂದಿದ್ದಳು. ಮೀನುಗಾರರ ಹಳ್ಳಿಯ ಒಂದು ಕುಟುಂಬದ ಕತೆ. ಗಂಗವ್ವನ ಮನೆತನದವರೂ ಭೀಮಾ ಹೊಳೆಯಲ್ಲಿ ಮೀನು ಹಿಡಿಯುವವರೇ ಎಂದು ಅವಳನ್ನೂ ಕರೆದಿದ್ದೆವು. ಪರದೆಯ ಕೆಳಗೆ ಬರುವ ಇಂಗ್ಲಿಷ್ ಸಾಲುಗಳನ್ನು ಓದಿ ಸವಿತಾ ಕನ್ನಡದಲ್ಲಿ ಹೇಳುತ್ತಿದ್ದಳು.

"ಅಯ್ಯ, ಹಸೀ ಮೀನಾ ತಿನ್ನಾಕತ್ತಾರಲ್ರಿ ಅಕ್ಕೋರ! ಖಾರಿಲ್ಲ, ಉಪ್ಪಿಲ್ಲ!" ಎಂದು ಗಂಗವ್ವ ನಕ್ಕಳು.

ಅದಕ್ಕೂ ಎಂಟು ವರ್ಷ ಮೊದಲು ಅವಳ ಮಗ ಹೊಳೆಗೆ ಹೋದವನು ಮರಳಿರಲಿಲ್ಲ. ನೀರು ರಾಡಿಯಾಗಿ ಏರುತ್ತಿದ್ದುದನ್ನು ಅವಳು ದಂಡೆಯಿಂದಲೇ ಕಂಡಿದ್ದಳು. ಆದರೆ ಹೊಳೆಗೆ ಹೊರಟವರನ್ನು ಬೆನ್ನ ಹಿಂದಿನಿಂದ ಕೂಗಬಾರದು ಎಂಬುದು ಅವರ ಮನೆಯ ಕಟ್ಟಳೆ. ಬಾಯಿ ಮುಚ್ಚಿ ನಿಂತಿದ್ದಳು. ಕೂಗಿದ್ದರೆ ಬರುತ್ತಿದ್ದನೋ ಏನೋ ಎಂಬ ಒಂದೇ ಪ್ರಶ್ನೆ ಅವಳನ್ನು ಅಂದಿನಿಂದ ಅರೆಯುತ್ತಿತ್ತು.

ಸಿನಿಮಾದ ಕೊನೆಗೆ ಆ ಮನೆಯ ಮಗ ದೋಣಿ ನೂಕಿದ. ಕಡಲು ಕಪ್ಪಾಗುತ್ತಿತ್ತು. ತಾಯಿ ದಂಡೆಯಲ್ಲಿ ಮಾತಿಲ್ಲದೆ ನಿಂತಿದ್ದಳು. ಗಂಗವ್ವ ಥಟ್ಟನೆ ಎದ್ದಳು.

"ಒದರ ಬೇ! ಯಾಕ ಸುಮ್ಮ ನಿಂತಿ? ಏ ತಮ್ಮಾ, ಹಿಂದಕ ಬಾರೋ!"

ಹುಡುಗ ಹುಟ್ಟು ಹಾಕುವುದನ್ನು ನಿಲ್ಲಿಸಿದ. ತಿರುಗಿ ನೋಡಿದ, ತಾಯಿಯ ಕಡೆಗಲ್ಲ, ನೇರ ನಮ್ಮ ಕಡೆಗೆ. ಆಮೇಲೆ ದೋಣಿ ತಿರುಗಿಸಿಕೊಂಡು ಬಂದ. ತಾಯಿ ನೀರಿಗಿಳಿದು ಅವನ ತೋಳು ಹಿಡಿದಳು. ಅಲ್ಲಿಗೆ ಸಿನಿಮಾ ಮುಗಿಯಿತು.

"ಬಂದ ನೋಡ್ರಿ," ಎಂದು ಗಂಗವ್ವ ಸೆರಗಿನಿಂದ ಮುಖ ಒರೆಸಿಕೊಂಡು ಮನೆಗೆ ಹೋದಳು.

ಆ ನೋಟ ನನ್ನನ್ನು ಬಿಡಲಿಲ್ಲ. ಐದು ಗಂಟೆಗೆ ಕೊನೆಯ ಭಾಗವನ್ನು ಮತ್ತೆ ಹಾಕಿಸಿದೆ. ಹುಡುಗ ತಿರುಗಲಿಲ್ಲ. ದೋಣಿ ಸಣ್ಣದಾಗುತ್ತ ಹೋಗಿ ಕಾಣದಾಯಿತು. ತಾಯಿ ಒಬ್ಬಳೇ ದಂಡೆಯಲ್ಲಿ ಕುಳಿತಿದ್ದಳು. ಮೂರು ಸಲ ನೋಡಿದೆವು. ಮೂರು ಸಲವೂ ಅಷ್ಟೇ.

"ದೊಡ್ಡವ್ವ, ಅಂವ ಬಂದಿದ್ದ. ನಾ ನೋಡೇನಿ," ಎಂದಳು ಸವಿತಾ. ಇಬ್ಬರೂ ಬೇರೆ ಬೇರೆ ಕುಳಿತು, ಮಧ್ಯಾಹ್ನ ಕಂಡದ್ದನ್ನು ಹಾಳೆಯ ಮೇಲೆ ಬರೆದೆವು. ಎರಡರಲ್ಲೂ ಹುಡುಗ ದಂಡೆಗೆ ಬಂದಿದ್ದ. ಇದಕ್ಕೆ ಇಂದಿಗೂ ನನ್ನಲ್ಲಿ ವಿವರಣೆಯಿಲ್ಲ.

ದೀಪ ಹಚ್ಚುವ ಹೊತ್ತಿಗೆ ಗೋಡೆಯಾಚೆಯಿಂದ ಗಂಗವ್ವನ ದನಿ ಬಂತು.

"ಅಕ್ಕೋರ, ಆ ಹುಡುಗ ಈಟೊತ್ತಿಗಿ ಮನಿ ಮುಟ್ಟಿರಬೇಕಲ್ರಿ? ನನಗೂ ಹಸಿವಾಗ್ಯಾದ. ರೊಟ್ಟಿ ಅದಾವೇನ್ರಿ?"

ಮಗ ಹೋದ ಮೇಲೆ ಯಾರಾದರೂ ಒತ್ತಾಯಿಸಿದರಷ್ಟೇ ಉಣ್ಣುತ್ತಿದ್ದವಳು, ಆ ಎಂಟು ವರ್ಷಗಳಲ್ಲಿ ತಾನಾಗಿ ಊಟ ಕೇಳಿದ್ದು ಅದೇ ಮೊದಲು.

"ಮುಟ್ಟ್ಯಾನ, ಗಂಗವ್ವ," ಎಂದೆ. ಮೂರು ರೊಟ್ಟಿ, ಪುಂಡಿಪಲ್ಯ ಒಯ್ದು ಬಡಿಸಿದೆ. ಅವಳು ಉಂಡು ಮುಗಿಸುವವರೆಗೆ ಎದುರಿಗೇ ಕುಳಿತಿದ್ದು, ತಾಟು ತೊಳೆದಿಟ್ಟು ಬಂದೆ.