ತಂದೆಯ ಹೆಸರು ಕೇಳಿದ ಪ್ರೋಗ್ರಾಮು

೧೯೮೬ರಲ್ಲಿ ನಾನು ಉಡುಪಿಯ ಒಂದು ಖಾಸಗಿ ಆಸ್ಪತ್ರೆಯ ದಾಖಲೆ ವಿಭಾಗದ ಮುಖ್ಯಸ್ಥ. ಮುಖ್ಯಸ್ಥ ಎಂದರೂ ನನ್ನ ಕೈಕೆಳಗೆ ಇದ್ದದ್ದು ಹನ್ನೊಂದು ಕಪಾಟುಗಳು ಮಾತ್ರ. ಆ ವರ್ಷ ಆಡಳಿತದವರು ಕಂಪ್ಯೂಟರ್ ತರಿಸಿ, ನಲವತ್ತಾರು ದಾಟಿದ ನನಗೆ ಬೇಸಿಕ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯಲು ಅಪ್ಪಣೆ ಮಾಡಿದರು.

ಕಲಿಸಲು ಶನಿವಾರಗಳಂದು ಮಣಿಪಾಲದಿಂದ ಇಂಜಿನಿಯರ್ ಕಾಮತ್ ಬರುತ್ತಿದ್ದರು. ಉದ್ಧರಣ ಚಿಹ್ನೆ ಬಿಟ್ಟರೆ ಪರದೆಯ ಮೇಲೆ ‘ಸಿಂಟ್ಯಾಕ್ಸ್ ಎರರ್’, ಎಂದರೆ ಬರೆದ ರೀತಿ ತಪ್ಪು; ಅಲ್ಪವಿರಾಮ ಹೆಚ್ಚಾದರೂ ‘ಸಿಂಟ್ಯಾಕ್ಸ್ ಎರರ್’. ಯಾವ ಸಾಲು ಎನ್ನುತ್ತದೆ, ಏನು ತಪ್ಪು ಎಂದು ಬಾಯಿ ಬಿಡುವುದಿಲ್ಲ. ಮೂರು ವಾರ ಆ ಪೆಟ್ಟಿಗೆ ಕಂಡರೆ ನನಗೆ ಮೈ ಉರಿಯುತ್ತಿತ್ತು.

“ಸಿಟ್ಟು ಮಾಡಿ ಎಂತ ಪ್ರಯೋಜನ ಉಂಟು? ನೀವು ಹೇಳಿದ್ದು ಮಾತ್ರ ಅದಕ್ಕೆ ಗೊತ್ತು” ಎನ್ನುತ್ತಿದ್ದರು ಕಾಮತ್.

ಕೊನೆಗೂ ‘ಇಫ್’ ಕಲಿತೆ: ಹೀಗಿದ್ದರೆ ಇದು ಮಾಡು, ಇಲ್ಲವಾದರೆ ಅದು. ಅದರಿಂದಲೇ ಮೊದಲ ಪ್ರೋಗ್ರಾಮ್ ಬರೆದೆ. ರೋಗಿಯ ಹೆಸರೂ ತಂದೆಯ ಹೆಸರೂ ಯಂತ್ರಕ್ಕೆ ತುಂಬಿಸಿದ ಹಳೆಯ ಕಾರ್ಡಿಗೆ ಹೊಂದಿದರೆ ಕಾರ್ಡಿನ ಸಂಖ್ಯೆ ತೋರಿಸು. ಇಲ್ಲವಾದರೆ ‘ಹೊಸ ರೋಗಿ’ ಎನ್ನು. ಒಂದು ಎರರ್ ಕೂಡ ಬರಲಿಲ್ಲ. ಎದೆ ಉಬ್ಬಿತು.

ಮರುವಾರ ಬೆಳಿಗ್ಗೆ ಕಾಪುವಿನಿಂದ ಗಿರಿಜಾ ಎಂಬ ಹುಡುಗಿಯನ್ನು ತಂದರು. ಕಾಲಿನ ಗಾಯ ಕೀವಾಗಿ, ಜ್ವರದಲ್ಲಿ ಎಚ್ಚರವಿರಲಿಲ್ಲ. ಜೊತೆಗಿದ್ದ ತಂದೆ ಬೊಂಬಾಯಿಯಿಂದ ರಜೆಗೆ ಬಂದವರು, ಅವರಿಗೆ ಹಿಂದಿನದೇನೂ ಗೊತ್ತಿಲ್ಲ. ಇಬ್ಬರ ಹೆಸರನ್ನೂ ಒತ್ತಿದೆ. ‘ಹೊಸ ರೋಗಿ’ ಎಂದಿತು. ಡಾಕ್ಟರು ಪೆನಿಸಿಲಿನ್ ಬರೆದರು.

ಸ್ಟ್ರೆಚರ್ ಒಳಗೆ ಹೋಗುವಾಗ ಮುಖ ಕಂಡಿತು. ಇವಳು ಕಾಪು ಶಾಲೆಯ ಸಂಜೀವ ಮಾಸ್ಟ್ರ ತಂಗಿಯ ಮಗಳಲ್ಲವೆ? ಎರಡು ವರ್ಷದ ಹಿಂದೆ ಇವಳನ್ನು ಕರೆತಂದದ್ದು ಆ ಮಾವನೇ. ನಮ್ಮ ಅಳಿಯಕಟ್ಟಿನ ಮನೆಗಳಲ್ಲಿ ಮಕ್ಕಳ ಹೊಣೆ ತಾಯಿಯ ಅಣ್ಣತಮ್ಮಂದಿರದ್ದು. ಕಾರ್ಡಿನಲ್ಲಿ ತಂದೆಯ ಜಾಗಕ್ಕೆ ಮಾವನ ಹೆಸರು ಬರೆದವನೂ ನಾನೇ. ಕಪಾಟಿಗೆ ಓಡಿದೆ. ಕಾರ್ಡಿನ ಮೇಲೆ ಕೆಂಪು ಶಾಯಿಯಲ್ಲಿ ಇತ್ತು: ‘ಪೆನಿಸಿಲಿನ್ ಕೊಡಬಾರದು. ಉಸಿರು ಕಟ್ಟಿತ್ತು.’

ವಾರ್ಡಿಗೆ ಮುಟ್ಟುವಾಗ ನರ್ಸ್ ಕೈಯಲ್ಲಿ ಸಿರಿಂಜ್ ಇತ್ತು. “ನಿಲ್ಲಿಸಿ ಮಾರಾಯ್ರೆ!” ಎಂದು ಕಿರುಚಿದೆ.

ಡಾಕ್ಟರು ಕಾರ್ಡು ಓದಿದರು. “ಎಂತ ಇದು? ನಿಮ್ಮ ಕಂಪ್ಯೂಟರ್ ಹೊಸಬಳು ಅಂದದ್ದಲ್ವಾ?” ಬೇರೆ ಔಷಧಿ ಕೊಟ್ಟರು. ಗಿರಿಜಾ ಒಂಬತ್ತನೆಯ ದಿನ ನಡೆದುಕೊಂಡೇ ಮನೆಗೆ ಹೋದಳು.

ಶನಿವಾರ ನಡೆದದ್ದನ್ನೆಲ್ಲ ಹೇಳಿದಾಗ ಕಾಮತ್ ಕೇಳಿದರು: “ಎರರ್ ಎಂತ ಬಂದಿತ್ತು?”

“ಒಂದೂ ಬರಲಿಲ್ಲ!” ಎಂದು ರೇಗಿದೆ. ರೇಗಿದ್ದು ಅವರ ಮೇಲಲ್ಲ. ಕೂಗಿ ಹೇಳುವ ತಪ್ಪುಗಳನ್ನು ಮೂರು ವಾರ ಶಪಿಸಿದ್ದೆ, ಕೊಲ್ಲಲು ಹೊರಟದ್ದು ಸದ್ದಿಲ್ಲದ ತಪ್ಪು. ಆ ಯಂತ್ರಕ್ಕೆ ನಮ್ಮ ಊರು ಗೊತ್ತಿಲ್ಲ, ಸರಿ. ನನಗೇನಾಗಿತ್ತು? ನನ್ನ ಶಾಲೆಯ ರಿಜಿಸ್ಟರಿನಲ್ಲೂ ತಂದೆಯ ಜಾಗದಲ್ಲಿ ಇರುವುದು ಮಾವನ ಹೆಸರೇ.