ಜಿಂಜ್‌ನ ವಕೀಲ, ಹಿದ್‌ನ ಗ್ಯಾರೇಜು

ಬಹ್ರೇನ್‌ನ ಹಿದ್‌ನಲ್ಲಿ ಜಯರಾಜ ನಡೆಸುತ್ತಿದ್ದ ಗ್ಯಾರೇಜಿನ ಮೆಕ್ಯಾನಿಕ್‌ಗಳಿಗೆ ಎರಡು ತಿಂಗಳ ಸಂಬಳ ಇವತ್ತಿಗೂ ಸಿಕ್ಕಿಲ್ಲ. ಕಳ್ಳ ಮಾಲೀಕ ಗಂಟು ಕಟ್ಟಿಕೊಂಡು ಓಡಿಹೋದ ಕಥೆಯಲ್ಲ ಇದು. ಹಾಗಾಗಿದ್ದರೆ ಬರೆಯುವುದು ಸುಲಭವಿತ್ತು, ಯಾರ ಹೆಸರಿಗೆ ಧಿಕ್ಕಾರ ಕೂಗಬೇಕೆಂದು ಗೊತ್ತಿರುತ್ತಿತ್ತು. ಇದು ಆ ಗ್ಯಾರೇಜನ್ನು ಉಳಿಸಲು ಹೋಗಿ ಸೋತ ವಕೀಲ ಹರಿನಾಥನ ಕಥೆ. ಜಯರಾಜ ಅವನ ಹೆಂಡತಿ ನೀರಜಾಕ್ಷಿಯ ಅಣ್ಣ.

ಬೀದಿಯಲ್ಲಿ ಲಾಠಿ ತಿಂದ ನಮ್ಮಂಥವರಿಗೆ ಕಂಪನಿ ವಕೀಲರ ಮೇಲೆ ಪ್ರೀತಿ ಕಡಿಮೆ. ಹರಿನಾಥ ಕಂಪನಿ ವಕೀಲನೇ. ಕಾರ್ಕಳದ ಕೋರ್ಟಿನಲ್ಲಿ ಕೆಲವು ವರ್ಷ ಗಂಟಲು ಹರಿದುಕೊಂಡು ೨೦೦೧ರಲ್ಲಿ ಬಹ್ರೇನ್‌ಗೆ ಬಂದ. ಇಲ್ಲಿ ಆ ಗಂಟಲಿಗೆ ಕೆಲಸವಿರಲಿಲ್ಲ. ಕೋರ್ಟಿನಲ್ಲಿ ಎದ್ದು ನಿಲ್ಲುವವರು ಬಹ್ರೇನಿ ವಕೀಲರು, ಮಾತೆಲ್ಲ ಅರಬ್ಬಿಯಲ್ಲಿ. ಇವನು ಮನಾಮದ ಕಚೇರಿಯಲ್ಲಿ ಕೂತು ಇಂಗ್ಲಿಷಿನಲ್ಲಿ ವಾದ ಬರೆಯಬೇಕು, ತರ್ಜುಮೆಯವನು ಅದನ್ನು ಅರಬ್ಬಿಗೆ ಇಳಿಸಬೇಕು, ಬಹ್ರೇನಿ ವಕೀಲರು ಕರಿ ಗೌನು ಹಾಕಿಕೊಂಡು ಮಂಡಿಸಬೇಕು. ಹರಿನಾಥ ಹಿಂದಿನ ಬೆಂಚಿನಲ್ಲಿ. ಕಂಟ್ರಾಕ್ಟರುಗಳ ಜಗಳ, ಬಂದರಿನಲ್ಲಿ ತಡೆದಿಟ್ಟ ಸರಕು, ರದ್ದಾದ ಲೈಸೆನ್ಸು, ಇಲಾಖೆಯ ನೋಟಿಸು: ಇವನ ಬರವಣಿಗೆಯಿಂದ ಗೆದ್ದ ಎಷ್ಟೋ ಸೇಠುಗಳಿಗೆ ಇವನ ಮುಖವೇ ಗೊತ್ತಿಲ್ಲ. ಕೇಳಿ ಕೇಳಿ ಅರಬ್ಬಿ ಕಿವಿಗೆ ಹತ್ತಿತ್ತು. ತನ್ನ ಯಾವ ವಾಕ್ಯವನ್ನು ತರ್ಜುಮೆಯವನು ನುಂಗಿದ್ದಾನೆಂದು ಕೂತಲ್ಲೇ ಹಿಡಿಯುತ್ತಿದ್ದ. ಹಿಡಿದು ಏನು ಮಾಡುವುದು? ಬಾಯಿ ಬಿಡುವಂತಿಲ್ಲ.

ಜಯರಾಜ ಅವನಿಗಿಂತ ಬಹಳ ಮೊದಲೇ ಬಂದವನು. ಸ್ಪ್ಯಾನರ್ ಹಿಡಿದು ಶುರುಮಾಡಿ, ಲಾರಿ ರಿಪೇರಿಯ ಗ್ಯಾರೇಜು ಕಟ್ಟಿದ. ಕಟ್ಟಿದ್ದು ಅವನು, ಸಿಆರ್ ಮಾತ್ರ ಅಲಿ ಎಂಬ ಬಹ್ರೇನಿಯ ಹೆಸರಿನಲ್ಲಿ. ಸಿಆರ್ ಎಂದರೆ ವ್ಯಾಪಾರದ ನೋಂದಣಿ, ಅದಿಲ್ಲದೆ ಶಟರ್ ಎತ್ತುವಂತಿಲ್ಲ. ಇನ್ನೊಬ್ಬರ ಸಿಆರ್‌ನಲ್ಲಿ ದುಡಿದು ತಿಂಗಳಿಗಿಷ್ಟು ಕೊಡುವುದು ಕಾನೂನಿಗೆ ವಿರುದ್ಧ. ನಮ್ಮ ಕರಾವಳಿಯವರು ಎಷ್ಟೋ ಮಂದಿ ಮಾಡುವುದು ಅದನ್ನೇ.

೨೦೦೯ರ ಒಂದು ಶುಕ್ರವಾರ, ಜಿಂಜ್‌ನ ತನ್ನ ಫ್ಲ್ಯಾಟಿನಲ್ಲಿ ಊಟಕ್ಕೆ ಕೂತಾಗ ಹರಿನಾಥ ಮಾತು ತೆಗೆದ.

"ಭಾವ, ಅದನ್ನು ಕಂಪನಿ ಮಾಡುವ. ನಿಮ್ಮ ಹೆಸರಿಗೂ ಪಾಲು ಬರ್ತದೆ. ಕಾನೂನಲ್ಲಿ ದಾರಿ ಉಂಟು."

"ಅಲಿಯವರ ಹತ್ರ ಎಂತ ಹೇಳುದು? ನೀವು ನಾಳೆ ಸಾಯ್ತೀರಿ, ಇಲ್ಲೊಂದು ಸೈನ್ ಹಾಕಿ ಅಂತವಾ?"

"ಹಾಗಲ್ಲ ಭಾವ..."

"ನನ್ನ ಮಗಳ ಮದುವೆಗೆ ಆ ಮನುಷ್ಯ ಮುಲ್ಕಿವರೆಗೆ ಬಂದು ಬಾಳೆಲೆಯಲ್ಲಿ ಉಂಡಿದ್ದಾರೆ. ಕೋರ್ಟಿನ ಬುದ್ಧಿ ಕಚೇರಿಯಲ್ಲೇ ಬಿಟ್ಟು ಬನ್ನಿ ಮಾರಾಯ್ರೆ. ನೀರಜಾ, ಇವರಿಗೊಂದು ಮೀನಿನ ತಲೆ ಹಾಕು. ಇರುವ ತಲೆ ಬಿಸಿಯಾಗಿದೆ."

ಎಲ್ಲರೂ ನಕ್ಕರು. ಹರಿನಾಥನೂ ನಕ್ಕ. ಹೆಂಡತಿಯ ಅಣ್ಣ, ವಯಸ್ಸಿನಲ್ಲಿ ಹಿರಿಯ. ಆ ಮಾತನ್ನು ಮತ್ತೆ ಎತ್ತಲಿಲ್ಲ.

೨೦೧೩ರಲ್ಲಿ ಅಲಿ ಹೃದಯಾಘಾತದಿಂದ ಸತ್ತರು. ಬ್ಯಾಂಕ್ ಖಾತೆಯೂ ಅವರದೇ ಹೆಸರಿನಲ್ಲಿತ್ತು, ನಿಂತುಹೋಯಿತು. ಕೆಲಸದವರ ಸಂಬಳ ಅದರೊಳಗೇ ಸಿಕ್ಕಿಕೊಂಡಿತು. ಹಿರಿಯ ಮಗ ಗ್ಯಾರೇಜಿಗೆ ಬಂದು ಜಯರಾಜನ ಕೈ ಹಿಡಿದು, "ಅಪ್ಪ ಮಾತು ಕೊಟ್ಟಿದ್ದಾರೆ. ಇದು ನಿಮ್ಮದೇ" ಎಂದ. ಸುಳ್ಳು ಹೇಳಲಿಲ್ಲ ಅವನು. ಆದರೆ ಅಲಿಯ ಕಿರಿಮಗಳಿಗೆ ಆಗ ಒಂಬತ್ತು ವರ್ಷ. ಅಪ್ರಾಪ್ತರ ಪಾಲನ್ನು ಅಣ್ಣನಾಗಲಿ ತಾಯಿಯಾಗಲಿ ಬರೆದುಕೊಡುವಂತಿಲ್ಲ, ಅದನ್ನು ಕಾಯಲು ಸರ್ಕಾರದ ಇಲಾಖೆಯೇ ಇದೆ. ಕೆಟ್ಟ ಕಾನೂನೆಂದು ಬೈಯೋಣವೆಂದರೆ ಬಾಯಿ ಬರುವುದಿಲ್ಲ. ಅಪ್ಪ ಸತ್ತ ಮಗುವಿನ ತುತ್ತನ್ನು ದೊಡ್ಡವರು ತಿನ್ನಬಾರದೆಂದು ಮಾಡಿದ್ದು ಅದು.

ಹರಿನಾಥ ತನ್ನ ಕಚೇರಿಯಿಂದಲೇ ಕೇಸು ಹಾಕಿಸಿದ. ಕಂಪನಿಗಳಿಗೆ ಎಂದೂ ಬರೆಯದಷ್ಟು ಚೆನ್ನಾಗಿ ಬರೆದ. ಗ್ಯಾರೇಜು ಜಯರಾಜನದು ಎಂದು ಸಾಧಿಸಬೇಕಾದರೆ, ಇಷ್ಟು ವರ್ಷ ಕಾನೂನು ಮುರಿದಿದ್ದೇನೆ ಎಂದು ಅವನೇ ಒಪ್ಪಿಕೊಳ್ಳಬೇಕು. ಬೇರೆ ದಾರಿಯಿರಲಿಲ್ಲ, ಹರಿನಾಥ ಅದನ್ನೂ ಬರೆದ. ಅಲಿಯ ಮಗ ಕೋರ್ಟಿಗೆ ಬಂದು ತಂದೆಯ ಮಾತು ನಿಜವೆಂದ. ಆ ದಿನ ತರ್ಜುಮೆಯಲ್ಲಿ ಒಂದು ವಾಕ್ಯವೂ ಬಿಟ್ಟುಹೋಗಿರಲಿಲ್ಲ. ತೀರ್ಪು ಓದುವಾಗ ಭಾವಂದಿರಿಬ್ಬರೂ ಹಿಂದಿನ ಬೆಂಚಿನಲ್ಲಿ ಒತ್ತಿಕೊಂಡು ಕೂತಿದ್ದರು.

"ಎಂತ ಹೇಳಿದ್ರು?" ಜಯರಾಜ ಪಿಸುಗುಟ್ಟಿದ.

ಮುಂದೆ ನಿಂತ ವಕೀಲರು ಫೈಲು ಮಡಚುತ್ತಿದ್ದರು. ಆ ಕೋರ್ಟಿನೊಳಗೆ ಹರಿನಾಥ ಬಾಯಿ ಬಿಟ್ಟು ಹೇಳಿದ ತೀರ್ಪು ಅದೊಂದೇ. "ಆಗ್ಲಿಲ್ಲ ಭಾವ."

ಅಲಿಯೊಡನೆ ಇದ್ದ ಒಪ್ಪಂದವೇ ಕಾನೂನಿಗೆ ವಿರುದ್ಧವೆಂದು ಕೋರ್ಟು ತಳ್ಳಿಹಾಕಿತ್ತು. ವಾರಸುದಾರರ ಪಾಲಿಗಾಗಿ ಗ್ಯಾರೇಜು ಮಾರಾಟವಾಯಿತು. ಕಾನೂನು ಮುರಿದದ್ದಕ್ಕೆ ದಂಡವೂ ಬಿತ್ತು. ಸಿಆರ್ ಜೊತೆ ಎಲ್ಲರ ವೀಸಾ ಹೋಯಿತು, ಮೆಕ್ಯಾನಿಕ್‌ಗಳು ಒಬ್ಬೊಬ್ಬರಾಗಿ ಊರು ಸೇರಿದರು. ಕೊನೆಗೆ ಜಯರಾಜ. ಹೊರಡುವ ದಿನ ಜಿಂಜ್‌ನಲ್ಲಿ ಚಾ ಕುಡಿಯುತ್ತಾ ಕೇಳಿದ:

"ಕಂಪನಿಯವರು ನಿಮ್ಮ ಮಾತು ಕೇಳದಿದ್ರೆ ಎಂತ ಮಾಡ್ತೀರಿ?"

"ಮತ್ತೆ ಬರೆದು ಕಳಿಸುದು."

"ಆಗ್ಲೂ ಕೇಳದಿದ್ರೆ?"

"ಕೇಳುವವರೆಗೆ ಬರೆಯುದು. ಕೆಲಸವೇ ಅದಲ್ವಾ."

"ನನಗೆ ಒಂದೇ ಸಲ ಹೇಳಿದ್ರಿ, ವಕೀಲರೇ."

ತಂಗಿಯ ಮದುವೆಯಾದಂದಿನಿಂದ ಅವನನ್ನು ಭಾವ ಎಂದೇ ಕರೆಯುತ್ತಿದ್ದ ಬಾಯಿ ಅದು. ಅಡಿಗೆಮನೆಯಲ್ಲಿ ನೀರಜಾಕ್ಷಿ ನಲ್ಲಿ ನಿಲ್ಲಿಸಿದ್ದಳು. ಅವಳಿಗೂ ಕೇಳಿಸಿತು.

ಜಯರಾಜ ಈಗ ಸುರತ್ಕಲ್‌ನಲ್ಲಿ ಇನ್ನೊಬ್ಬರ ಗ್ಯಾರೇಜಿನಲ್ಲಿ ಲಾರಿಯ ಅಡಿಗೆ ಮಲಗಿ ರಿಪೇರಿ ಮಾಡುತ್ತಾನೆ. ಹರಿನಾಥ ಫೋನ್ ಮಾಡಿದರೆ ಎತ್ತುವುದಿಲ್ಲ. ಅಣ್ಣನೊಡನೆ ಮಾತಾಡಬೇಕಾದಾಗ ನೀರಜಾಕ್ಷಿ ಒಳಗಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ. ಹರಿನಾಥ ಹಾಲ್‌ನಲ್ಲಿ ಕೂತು ಯಾವುದೋ ಕಂಪನಿಗೆ ಮೂರನೆಯ ಎಚ್ಚರಿಕೆಯ ಪತ್ರ ಬರೆಯುತ್ತಿರುತ್ತಾನೆ.

ಓದುತ್ತಿರುವ ನಿಮ್ಮ ಮನೆಯವರೂ ಒಬ್ಬರು ಗಲ್ಫಿನಲ್ಲಿ ಇನ್ನೊಬ್ಬರ ಹೆಸರಿನ ಬೋರ್ಡಿನಡಿ ಬೆವರು ಸುರಿಸುತ್ತಿರಬಹುದು. ನೀವು ಯಾವಾಗಲೋ ಕೇಳಿರಬಹುದು, ಅವರು ತಮಾಷೆ ಮಾಡಿ ತೇಲಿಸಿರಬಹುದು, ನೀವೂ ಮರ್ಯಾದೆಗೆ ಸುಮ್ಮನಾಗಿರಬಹುದು. ಆ ಮರ್ಯಾದೆ ಯಾರ ಹೊಟ್ಟೆಯನ್ನೂ ತುಂಬುವುದಿಲ್ಲ. ಇವತ್ತು ಫೋನ್ ಮಾಡಿ. ಸಿಆರ್ ಯಾರ ಹೆಸರಿನಲ್ಲಿದೆ ಎಂದು ಕೇಳಿ. ಬೈದರೆ ಬೈಸಿಕೊಳ್ಳಿ, ನಾಳೆ ಮತ್ತೆ ಕೇಳಿ.