ಜಾಕಿಯ ಕೆಳಗೆ ದೇವರ ಮಣೆ

ಮನೆದೇವರಿಗೆ ಆರತಿ ಒಯ್ಯುವಾಗ ನಮ್ಮ ಮನೆಯಲ್ಲಿ ಒಂದು ಕಟ್ಟುನಿಟ್ಟು. ತಂಬಿಟ್ಟಿನ ಆರತಿಯ ತಟ್ಟೆ ಒಮ್ಮೆ ಕೈಗೆ ಬಂದರೆ ಗುಡಿಯ ಮುಂದೆಯೇ ಇಳಿಯಬೇಕು. ದಾರಿಯಲ್ಲಿ ನೆಲ ಮುಟ್ಟಬಾರದು. ಆ ವರ್ಷವೂ ಟ್ರ್ಯಾಕ್ಟರ್ ಟ್ರೇಲರ್‌ಗೆ ಹುಲ್ಲು ಹಾಸಿ, ಜಮಖಾನ ಹರಡಿ, ಹೆಂಗಸರು ತಟ್ಟೆಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಓಡಿಸುತ್ತಿದ್ದವರು ಚಿಕ್ಕಪ್ಪ. ಅವರ ಅಕ್ಕ, ಅಂದರೆ ನನ್ನ ಸೋದರತ್ತೆ, ಆರತಿ ಇಡುವ ದಪ್ಪ ಹಲಸಿನ ಮಣೆಗೆ ಅರಿಶಿನ ಬಳಿದು ಪಕ್ಕದಲ್ಲಿಟ್ಟುಕೊಂಡಿದ್ದರು. ನಾನು ಚಿಕ್ಕಪ್ಪನ ಪಕ್ಕ ಮಡ್‌ಗಾರ್ಡ್ ಮೇಲೆ ಕೂತಿದ್ದೆ.

ಮಂಚೇನಹಳ್ಳಿ ದಾಟಿ ಮಣ್ಣಿನ ದಾರಿಗೆ ತಿರುಗಿದ ಮೇಲೆ ಟ್ರೇಲರ್‌ನ ಎಡಗಡೆ ಟೈರು ಪಂಚರ್ ಆಯಿತು. ಹಿಂದಿನ ದಿನದ ಮಳೆಗೆ ನೆಲ ಮೆತ್ತಗಾಗಿತ್ತು.

"ಇಳೀರಮ್ಮ ಎಲ್ಲಾರೂ," ಎಂದರು ಚಿಕ್ಕಪ್ಪ.

"ಆರತಿ ಹಿಡ್ಕೊಂಡು ಹೆಂಗೋ ಇಳಿಯೋದು? ಹಂಗೇ ಎತ್ತು," ಎಂದರು ಅತ್ತೆ.

"ಇದು ಜಾಕಿ ಅಕ್ಕಯ್ಯ, ಆಂಜನೇಯ ಅಲ್ಲ."

ಟ್ರೇಲರ್‌ನಲ್ಲಿದ್ದವರೆಲ್ಲ ನಕ್ಕರು. ಅತ್ತೆ ನಗಲಿಲ್ಲ. ಅಕ್ಕನ ಮಾತು ಮೀರಿ ಅಭ್ಯಾಸವಿಲ್ಲದ ಚಿಕ್ಕಪ್ಪ ಬಲಗಡೆ ಚಕ್ರದ ಹಿಂದೆ ಮುಂದೆ ಕಲ್ಲು ಕೊಟ್ಟರು, ಟೈರು ನೆಲದಲ್ಲಿರುವಾಗಲೇ ನಟ್ಟು ಸಡಿಲಿಸಿದರು, ಒಂದು ಚಪ್ಪಟೆ ಕಲ್ಲಿನ ಮೇಲೆ ಜಾಕಿ ಇಟ್ಟು ಎತ್ತಿದರು. ಕಲ್ಲಿನ ಒಂದು ಮೂಲೆ ಮಣ್ಣಿನಲ್ಲಿ ಇಳಿದು ಜಾಕಿ ವಾಲಿತು. ಅದನ್ನು ನೋಡಲು ಅವರು ಮಲಗಿ ಅಚ್ಚಿನ ಕೆಳಗೆ ತಲೆ ಹಾಕಿದರು.

ಅತ್ತೆ ಮೇಲಿನಿಂದ ಬಗ್ಗಿ ನೋಡಿದರು. "ಲೇ! ತಲೆ ಈಚೆಗೆ ತೆಗೆಯೋ!"

ಬೈಗುಳಕ್ಕೆ ಹೆದರಿ ಅವರು ಈಚೆ ಬಂದರು. ಜಾಕಿ ಜಾರಿತು. ಟ್ರೇಲರ್ ಧಪ್ಪನೆ ಕೂತಿತು.

ಮೊದಲು ಇಳಿದವರು ಅತ್ತೆ. ಮೇಲಿದ್ದವರಿಂದ ತಟ್ಟೆ ಇಸಿದುಕೊಂಡು ತಲೆಯ ಮೇಲಿಟ್ಟುಕೊಂಡರು. "ಇಳೀರಿ. ತಲೆ ಮೇಲಿದ್ರೆ ನೆಲ ಮುಟ್ಟಿದಂಗಾಗಲ್ಲ."

ಎಲ್ಲರೂ ಇಳಿದು ಹೊಲದ ಬದುವಿನ ಮೇಲೆ ಬಿಸಿಲಲ್ಲಿ ಸಾಲಾಗಿ ನಿಂತರು. ಅತ್ತೆ ಮಣೆಯನ್ನು ತೋರಿಸಿದರು. "ಆ ಕಲ್ಲು ಬಿಸಾಕು. ಇದನ್ನಿಡು."

"ದೇವ್ರ ಮಣೆ ಅಕ್ಕಯ್ಯ..."

"ದೇವ್ರಿಗೆ ನಾನು ಹೇಳ್ಕೊಂತೀನಿ. ಅಲ್ಲಿ ನಿಂತವ್ಳಲ್ಲ ನಿನ್ನ ಹೆಂಡ್ತಿ, ಅವ್ಳಿಗೆ ಏನಂತ ಹೇಳಲಿ?"

ಅಗಲವಾದ ಮಣೆ ಮಣ್ಣಿನಲ್ಲಿ ಇಳಿಯಲಿಲ್ಲ. ಖಾಲಿ ಟ್ರೇಲರ್ ಸಲೀಸಾಗಿ ಎದ್ದಿತು. ಚಿಕ್ಕಪ್ಪ ಬಿಚ್ಚಿದ ಚಕ್ರವನ್ನು, ಟ್ರೇಲರ್ ಮತ್ತೆ ಬಿದ್ದರೂ ಅದರ ಮೇಲೆ ಬೀಳಲಿ ಎಂದು, ಚಾಸಿಯ ಕೆಳಗೆ ತಳ್ಳಿ, ಆಮೇಲೆ ಸ್ಟೆಪ್ನಿ ಹಾಕಿದರು. ತಲೆಯನ್ನು ಕೆಳಗೆ ಹಾಕಲಿಲ್ಲ.

ಗುಡಿಯ ನಲ್ಲಿಯಲ್ಲಿ ಅತ್ತೆ ಮಣೆ ತೊಳೆದು ಹೊಸದಾಗಿ ಅರಿಶಿನ ಬಳಿದರು. ಜಾಕಿಯ ತಳದ ಗುರುತು ಹೋಗಲಿಲ್ಲ. ಮಣೆ ಬದಲಾಯಿಸೋಣ ಎಂದು ಈವರೆಗೆ ಯಾರೂ ಹೇಳಿಲ್ಲ. ಪ್ರತಿ ವರ್ಷ ಆರತಿ ಅದರ ಮೇಲೆಯೇ. ದೇವರಿಗೆ ಕೈ ಮುಗಿದ ಮೇಲೆ ಚಿಕ್ಕಪ್ಪ ಅಕ್ಕನ ಕಾಲಿಗೂ ಬೀಳುತ್ತಾರೆ.

"ಸಾಕು ಏಳೋ, ಹೊತ್ತಾಯ್ತು," ಎನ್ನುತ್ತಾರೆ ಅತ್ತೆ. "ಟೈರ್‌ಗೆ ಗಾಳಿ ಐತಾ ನೋಡು, ಹೋಗು."